ಗಡಿಯಲ್ಲಿ ಕಾರ್ಯಾಚರಣೆ, ಪರದೇಶಕ್ಕೆ ನೆರವು, ಮದ್ದೂರಿಗೆ ಬರ ಪರಿಹಾರ: ತುರ್ತು ಖರ್ಚಿನ ದುಡ್ಡು ಯಾವ ಗಲ್ಲಾದಿಂದ ಬರುತ್ತೆ?

ಮಂಡ್ಯ: ಗಡಿಯಲ್ಲಿ ಏನಾದರೂ ನಡೆದಾಗ, ಪಕ್ಕದ ದೇಶದಲ್ಲಿ ಭೂಕಂಪವಾಗಿ ನಮ್ಮ ವಿಮಾನ ಸಾಮಾನು ಹೊತ್ತು ಹೋದಾಗ, ಮದ್ದೂರಿನ ಟೀ ಅಂಗಡಿಯಲ್ಲೂ ಮಳವಳ್ಳಿ ಬಸ್ ನಿಲ್ದಾಣದಲ್ಲೂ ಒಂದೇ ಮಾತು ಕೇಳಿಸುತ್ತೆ. ‘ಅದಕ್ಕೆಲ್ಲ ರಾತ್ರೋರಾತ್ರಿ ಕೋಟಿ ಕೋಟಿ ಬರುತ್ತೆ, ನಮ್ಮ ಬೆಳೆ ಒಣಗಿದಾಗ ಮಾತ್ರ ಆರು ತಿಂಗಳು ಕಾಯಬೇಕಲ್ಲ ಸ್ವಾಮಿ?’ ಪ್ರಶ್ನೆ ನ್ಯಾಯವಾದದ್ದೇ. ಆದರೆ ಈ ದುಡ್ಡೆಲ್ಲ ಒಂದೇ ಪೆಟ್ಟಿಗೆಯಿಂದ ಬರೋದಿಲ್ಲ. ಯಾವುದು ಎಲ್ಲಿಂದ ಬರುತ್ತೆ, ಯಾರು ಸಹಿ ಹಾಕ್ತಾರೆ, ನಮ್ಮ ತಾಲ್ಲೂಕಿಗೆ ಸಂಬಂಧಪಟ್ಟ ಭಾಗ ಯಾವುದು ಅನ್ನೋದನ್ನು ಬಿಡಿಸಿ ನೋಡೋಣ.

ಮೊದಲು ಪೆಟ್ಟಿಗೆಗಳ ಲೆಕ್ಕ

ಅಂಗಡಿಯವರಿಗೆ ಇದು ಬೇಗ ಅರ್ಥವಾಗುತ್ತೆ. ದಿನದ ವ್ಯಾಪಾರದ ದುಡ್ಡು ಗಲ್ಲಾದಲ್ಲಿರುತ್ತೆ. ಅದರ ಜೊತೆಗೆ ಆಪತ್ತಿಗೆ ಅಂತ ಒಳಗೆ ಡಬ್ಬಿಯಲ್ಲಿ ಸ್ವಲ್ಪ ಎತ್ತಿಟ್ಟಿರ್ತಾರೆ. ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಅಂದರೆ ಡಬ್ಬಿಯಿಂದ ತೆಗೆದು ಆಸ್ಪತ್ರೆಗೆ ಕಟ್ತಾರೆ, ಆಮೇಲೆ ವ್ಯಾಪಾರದ ದುಡ್ಡಿನಿಂದ ಡಬ್ಬಿಯನ್ನು ಮತ್ತೆ ತುಂಬಿಸ್ತಾರೆ.

ಸರ್ಕಾರದ್ದೂ ಹೆಚ್ಚುಕಮ್ಮಿ ಹೀಗೆಯೇ. ಗಲ್ಲಾ ಅಂದರೆ ಸಂಚಿತ ನಿಧಿ. ತೆರಿಗೆ, ಸಾಲ ಎಲ್ಲವೂ ಅಲ್ಲಿಗೇ ಬಂದು ಬೀಳುತ್ತೆ. ಅದರಿಂದ ಒಂದು ರೂಪಾಯಿ ತೆಗೆಯಬೇಕಾದರೂ ಸಂಸತ್ತಿನ ಅಥವಾ ವಿಧಾನಮಂಡಲದ ಒಪ್ಪಿಗೆ ಬೇಕು. ಒಳಗಿನ ಡಬ್ಬಿಯ ಹೆಸರು ಸರ್ಕಾರಿ ಕನ್ನಡದಲ್ಲಿ ‘ಸಾದಿಲ್ವಾರು ನಿಧಿ’. ಈ ಪದ ಕೇಳಿದರೆ ಅರ್ಥ ಹೊಳೆಯೋದು ಕಷ್ಟ, ತುರ್ತು ಖರ್ಚಿನ ನಿಧಿ ಅಂತಲೇ ಇಟ್ಕೊಳ್ಳಿ. ಸಂವಿಧಾನದ 267ನೇ ವಿಧಿಯಲ್ಲಿ ಕೇಂದ್ರಕ್ಕೊಂದು, ರಾಜ್ಯಕ್ಕೊಂದು ಅಂತ ಇದಕ್ಕೆ ಅವಕಾಶ ಮಾಡಲಾಗಿದೆ. ಕೇಂದ್ರದ ಡಬ್ಬಿಯಲ್ಲಿ ಬಹಳ ವರ್ಷ 500 ಕೋಟಿ ರೂ. ಮಾತ್ರ ಇರುತ್ತಿತ್ತು. ಕೋವಿಡ್ ಬಂದುಹೋದ ಮೇಲೆ, 2021ರಲ್ಲಿ ಅದನ್ನು 30 ಸಾವಿರ ಕೋಟಿ ರೂ.ಗೆ ಏರಿಸಿದರು. ಅಧಿವೇಶನ ಇಲ್ಲದ ಹೊತ್ತಿನಲ್ಲಿ ಇದರಿಂದ ತೆಗೆದು ಖರ್ಚು ಮಾಡಿ, ಆಮೇಲೆ ಸದನದ ಒಪ್ಪಿಗೆ ಪಡೆದು ವಾಪಸ್ ತುಂಬಬೇಕು.

ಮೂರನೆಯದು ಪೂರಕ ಅಂದಾಜು. ಬಜೆಟ್‌ನಲ್ಲಿ ಬರೆದದ್ದು ಸಾಲದಿದ್ದರೆ ವರ್ಷದ ನಡುವೆ ಸದನದ ಮುಂದೆ ಹೋಗಿ ಇನ್ನಷ್ಟು ಕೇಳೋದು. ಬೆಳಗಾವಿ ಅಧಿವೇಶನದ ಸುದ್ದಿಯಲ್ಲಿ ‘ಪೂರಕ ಅಂದಾಜು ಮಂಡನೆ’ ಅಂತ ಒಂದು ಸಾಲು ಬಂದು ಹೋಗುತ್ತಲ್ಲ, ಅದೇ. ಆ ಸಾಲನ್ನು ಯಾರೂ ಓದೋದಿಲ್ಲ. ಬಜೆಟ್ ದಿನ ಹೇಳದೆ ಬಿಟ್ಟ ಎಷ್ಟೋ ಖರ್ಚು ಹೊರಗೆ ಬರೋದು ಆವತ್ತೇ.

ಯುದ್ಧಕ್ಕೆ ಬೇರೆ ಖಾತೆ ಇದೆಯಾ?

ಇಲ್ಲ. ‘ಕಾರ್ಯಾಚರಣೆ ನಿಧಿ’ ಅಂತ ಪ್ರತ್ಯೇಕ ಗಂಟು ಬಜೆಟ್‌ನಲ್ಲಿ ಇರೋದಿಲ್ಲ. ಇಂಧನ, ಮದ್ದುಗುಂಡು, ಸಾಗಾಟ ಎಲ್ಲವೂ ಸೇನೆಯ ಮಾಮೂಲಿ ಖರ್ಚಿನ ಬಾಬ್ತುಗಳಲ್ಲೇ ಕರಗಿಹೋಗುತ್ತೆ, ಸಾಲದೆ ಬಂದರೆ ಪೂರಕ ಅಂದಾಜಿನಲ್ಲಿ ಸೇರುತ್ತೆ. ಹಾಗಾಗಿ ಇಂಥ ಕಾರ್ಯಾಚರಣೆಗೆ ಇಷ್ಟೇ ಖರ್ಚಾಯಿತು ಅಂತ ವಾಟ್ಸಾಪಿನಲ್ಲಿ ಓಡಾಡುವ ಅಂಕಿಗಳನ್ನು ಅಷ್ಟಾಗಿ ನಂಬಬೇಡಿ.

2025-26ರ ಕೇಂದ್ರ ಬಜೆಟ್‌ನಲ್ಲಿ ರಕ್ಷಣಾ ಸಚಿವಾಲಯಕ್ಕೆ ಇಟ್ಟದ್ದು 6.81 ಲಕ್ಷ ಕೋಟಿ ರೂ. ಅದರಲ್ಲಿ 1.60 ಲಕ್ಷ ಕೋಟಿ ನಿವೃತ್ತರ ಪಿಂಚಣಿಗೇ ಹೋಗುತ್ತೆ. ಹೊಸ ಆಯುಧ, ವಿಮಾನ, ಹಡಗು ಇತ್ಯಾದಿಗೆ ಇರೋದು ಸುಮಾರು 1.80 ಲಕ್ಷ ಕೋಟಿ.

ತುರ್ತು ಬಂದಾಗ ಬದಲಾಗೋದು ಮುಖ್ಯವಾಗಿ ಖರೀದಿಯ ವೇಗ. ಸೇನೆಗೆ ಏನಾದರೂ ಕೊಳ್ಳಬೇಕು ಅಂದರೆ ಸಾಮಾನ್ಯವಾಗಿ ವರ್ಷಗಟ್ಟಲೆ ಹಿಡಿಯುತ್ತೆ. 2016ರ ಉರಿ ದಾಳಿ, 2019ರ ಬಾಲಾಕೋಟ್, 2020ರ ಗಲ್ವಾನ್, ಈ ಒಂದೊಂದು ಘಟನೆ ಆದಮೇಲೂ ಸೇನೆಗೆ ತುರ್ತು ಖರೀದಿ ಅಧಿಕಾರ ಸಿಕ್ಕಿತು. 2025ರ ಮೇ 7ರಂದು ಆಪರೇಷನ್ ಸಿಂಧೂರ ನಡೆಯಿತು. ಜೂನ್‌ನಲ್ಲಿ ರಕ್ಷಣಾ ಸಚಿವಾಲಯ ಕೊಟ್ಟ ಹೇಳಿಕೆಯ ಪ್ರಕಾರ ಭೂಸೇನೆಗೆ 2,000 ಕೋಟಿ ರೂ. ಮಂಜೂರಾತಿಯೊಳಗೆ 1,981.90 ಕೋಟಿ ರೂ.ಗಳ 13 ಒಪ್ಪಂದಗಳು ಆಗಿದ್ದವು. ಡ್ರೋನ್, ಡ್ರೋನ್ ಹೊಡೆದುರುಳಿಸುವ ಉಪಕರಣ, ಗುಂಡುನಿರೋಧಕ ಜಾಕೆಟ್, ಹೆಲ್ಮೆಟ್ ಇಂಥವು. ಮಾಮೂಲಿ ದಾರಿಯಲ್ಲಿ ಹೋಗಿದ್ದರೆ ಟೆಂಡರ್ ಕಡತವೇ ಇನ್ನೂ ಮೇಜಿನಿಂದ ಮೇಜಿಗೆ ಓಡಾಡುತ್ತಿರುತ್ತಿತ್ತು.

ಗುಡಿಗೆರೆಯ ಗುರು ಯಾವ ಖಾತೆಯವರು?

ನಮ್ಮ ಜಿಲ್ಲೆಗೆ ಇದು ದೂರದ ಮಾತಲ್ಲ. 2019ರ ಫೆಬ್ರವರಿ 14ರಂದು ಪುಲ್ವಾಮಾದಲ್ಲಿ ಸಿಆರ್‌ಪಿಎಫ್ ಬಸ್ಸಿನ ಮೇಲೆ ದಾಳಿಯಾಗಿ 40 ಯೋಧರು ತೀರಿಕೊಂಡರು. ಅವರಲ್ಲೊಬ್ಬರು ಮದ್ದೂರು ತಾಲ್ಲೂಕಿನ ಗುಡಿಗೆರೆಯ ಎಚ್. ಗುರು. ಬೆಂಗಳೂರಿನಿಂದ ಅವರ ದೇಹ ಬಂದಾಗ ಹೆದ್ದಾರಿಯ ಇಕ್ಕೆಲದಲ್ಲೂ ನಿಂತಿದ್ದ ಜನರನ್ನು ಇಲ್ಲಿಯವರು ಮರೆತಿಲ್ಲ. ಮೆಳ್ಳಹಳ್ಳಿಯ ಬಳಿ ಅಂತ್ಯಕ್ರಿಯೆ ನಡೆಯಿತು.

ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿ ಒಂದಿದೆ. ಸಿಆರ್‌ಪಿಎಫ್, ಬಿಎಸ್‌ಎಫ್, ಸಿಐಎಸ್‌ಎಫ್, ಐಟಿಬಿಪಿ ಇವು ಸೇನೆಯಲ್ಲ. ಇವು ಗೃಹ ಸಚಿವಾಲಯದ ಕೆಳಗಿನ ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳು. ಇವರ ಸಂಬಳ, ಬಸ್ಸು, ಬಂದೂಕು ಯಾವುದೂ ಮೇಲೆ ಹೇಳಿದ 6.81 ಲಕ್ಷ ಕೋಟಿಯಲ್ಲಿ ಬರೋದಿಲ್ಲ. ಗೃಹ ಸಚಿವಾಲಯದ ಪೊಲೀಸ್ ಬಾಬ್ತಿನಲ್ಲಿ ಬರುತ್ತೆ. ಸಿಆರ್‌ಪಿಎಫ್ ಒಂದಕ್ಕೇ ವರ್ಷಕ್ಕೆ 35 ಸಾವಿರ ಕೋಟಿಗೂ ಹೆಚ್ಚು. ಪಿಂಚಣಿಯ ನಿಯಮವೂ ಬೇರೆ. ಸೈನಿಕರಿಗೆ ಹಳೆಯ ಪಿಂಚಣಿ ಉಳಿಯಿತು, 2004ರ ಜನವರಿ 1ರ ನಂತರ ಸೇರಿದ ಈ ಪಡೆಗಳವರನ್ನು ಸಾಮಾನ್ಯ ಸರ್ಕಾರಿ ನೌಕರರ ಹಾಗೆ ಹೊಸ ಪಿಂಚಣಿ ಪದ್ಧತಿಗೆ ಹಾಕಿದರು. ಹುಡುಗರು ದೈಹಿಕ ಪರೀಕ್ಷೆಗೆ ಬೆಳಗಿನ ಜಾವ ಓಡೋದಕ್ಕೆ ಶುರು ಮಾಡುವ ಮೊದಲು ಮನೆಯವರು ಇದನ್ನು ತಿಳ್ಕೊಂಡಿರೋದು ಒಳ್ಳೇದು.

ಪರಿಹಾರದ ದರವನ್ನೂ ಘಟನೆ ನಡೆದ ಮೇಲೆ ಯೋಚಿಸಿ ನಿಗದಿ ಮಾಡೋದಲ್ಲ. 2016ರ ಜನವರಿ 1ರಿಂದ ಜಾರಿಗೆ ಬಂದ ಕೇಂದ್ರದ ನಿಯಮದಲ್ಲಿ ಕರ್ತವ್ಯದ ಮೇಲೆ ಅಪಘಾತದಿಂದ ಅಥವಾ ಉಗ್ರರ ಹಿಂಸೆಯಿಂದ ತೀರಿಕೊಂಡರೆ 25 ಲಕ್ಷ, ಗಡಿ ಚಕಮಕಿ ಅಥವಾ ಉಗ್ರರ ವಿರುದ್ಧದ ಕಾರ್ಯಾಚರಣೆಯಲ್ಲಾದರೆ 35 ಲಕ್ಷ, ಯುದ್ಧದಲ್ಲಾದರೆ 45 ಲಕ್ಷ ರೂ. ಅಂತ ಇತ್ತು. ರಾಜ್ಯದ ನೆರವು ಇದಕ್ಕೆ ಹೊರತಾದದ್ದು. ಆಗ ಮುಖ್ಯಮಂತ್ರಿಯಾಗಿದ್ದ ಎಚ್.ಡಿ. ಕುಮಾರಸ್ವಾಮಿ ಗುರು ಅವರ ಕುಟುಂಬಕ್ಕೆ 25 ಲಕ್ಷ ರೂ. ಮತ್ತು ಸರ್ಕಾರಿ ಕೆಲಸ ಘೋಷಿಸಿದ್ದರು. ಇನ್ನು ಜನ ಕೊಡುವ ದುಡ್ಡು. ‘ಭಾರತ್ ಕೆ ವೀರ್’ ಗೃಹ ಸಚಿವಾಲಯವೇ 2017ರಲ್ಲಿ ಶುರು ಮಾಡಿದ ಜಾಲತಾಣ, ಅದರಲ್ಲಿ ನೇರವಾಗಿ ಹಾಕಬಹುದು. ಯಾರೋ ಅಂಗಡಿ ಬಾಗಿಲಿಗೆ ರಸೀದಿ ಪುಸ್ತಕ ಹಿಡ್ಕೊಂಡು ಬಂದು ‘ಯೋಧರ ನಿಧಿಗೆ’ ಅಂದರೆ ಯಾವ ನಿಧಿ, ಯಾವ ಖಾತೆ ಅಂತ ಕೇಳಿಯೇ ಕೊಡಿ.

ಶಾಂತಿಪಾಲನೆ: ಇಲ್ಲಿ ದುಡ್ಡು ವಾಪಸ್ ಬರುತ್ತೆ

ವಿಶ್ವಸಂಸ್ಥೆಯ ಶಾಂತಿಪಾಲನೆಗೆ ನಮ್ಮ ಸೈನಿಕರು ಹೋಗ್ತಾರೆ. ಕನ್ನಡ ನಾಡಿಗೂ ಇದಕ್ಕೂ ಹಳೇ ನಂಟು. ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯ 1953ರಲ್ಲಿ ಕೊರಿಯಾದ ಯುದ್ಧಕೈದಿಗಳ ವಾಪಸಾತಿ ನೋಡಿಕೊಂಡ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿದ್ದರು. ಆಮೇಲೆ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆ ಪಡೆಯ ಮುಖ್ಯಸ್ಥರಾಗಿ, 1965ರ ಡಿಸೆಂಬರ್‌ನಲ್ಲಿ ಅಲ್ಲೇ ತೀರಿಕೊಂಡರು.

ಖರ್ಚಿನ ಮಟ್ಟಿಗೆ ಇದು ಉಳಿದವುಗಳಿಗಿಂತ ಬೇರೆ. ಸಂಬಳ ಕೊಡೋದು ನಮ್ಮ ಸರ್ಕಾರ. ಆದರೆ ಒಬ್ಬ ಸೈನಿಕನಿಗೆ ತಿಂಗಳಿಗೆ ಇಷ್ಟು ಅಂತ ವಿಶ್ವಸಂಸ್ಥೆ ನಮ್ಮ ಸರ್ಕಾರಕ್ಕೆ ಮರುಪಾವತಿ ಮಾಡುತ್ತೆ. 2022ರಲ್ಲಿ ಈ ದರ 1,448 ಡಾಲರ್ ಆಯಿತು, ನಮ್ಮ ಲೆಕ್ಕದಲ್ಲಿ ಒಂದು ಲಕ್ಷ ರೂಪಾಯಿಗೂ ಮೇಲೆ. ತೊಂದರೆ ಏನಂದರೆ ದೊಡ್ಡ ದೇಶಗಳು ತಮ್ಮ ವಂತಿಗೆ ಕಟ್ಟೋದು ತಡ ಮಾಡ್ತವೆ, ಅಷ್ಟರ ಮಟ್ಟಿಗೆ ನಮ್ಮ ಬಾಕಿಯೂ ನಿಂತಿರುತ್ತೆ. ಕಾರ್ಖಾನೆ ಕಬ್ಬಿನ ಬಾಕಿ ಉಳಿಸ್ಕೊಂಡ ಹಾಗೆ ಅಂತ ನಮ್ಮ ರೈತರಿಗೆ ಹೇಳಿದರೆ ಸಾಕು.

ಕಾವೇರಿ ಹೆಸರಿನ ಕಾರ್ಯಾಚರಣೆ

2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಎರಡು ಸೇನಾ ಬಣಗಳ ನಡುವೆ ಕಾದಾಟ ಶುರುವಾಯಿತು. ಗಿಡಮೂಲಿಕೆ ಎಣ್ಣೆ, ಔಷಧಿ ಮಾರೋಕೆ ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಹಾಕಿಕೊಂಡರು. ನೌಕಾಪಡೆಯ ಹಡಗು, ವಾಯುಪಡೆಯ ವಿಮಾನ ಕಳಿಸಿ, ಪೋರ್ಟ್ ಸುಡಾನ್‌ನಿಂದ ಜೆಡ್ಡಾಕ್ಕೆ, ಅಲ್ಲಿಂದ ಊರಿಗೆ ಕರೆತಂದರು. ಹೀಗೆ ಬಂದವರು ಒಟ್ಟು 3,800ಕ್ಕೂ ಹೆಚ್ಚು. ಆ ಕಾರ್ಯಾಚರಣೆಗೆ ಇಟ್ಟ ಹೆಸರು ‘ಕಾವೇರಿ’. ಹಡಗು, ವಿಮಾನದ ಖರ್ಚು ರಕ್ಷಣಾ ಬಾಬ್ತಿನದು. ಅದರ ಹಿಂದಿನ ವರ್ಷ ಯುಕ್ರೇನ್‌ನಿಂದ ವಿದ್ಯಾರ್ಥಿಗಳನ್ನು ಕರೆತಂದ ಆಪರೇಷನ್ ಗಂಗಾದಲ್ಲೂ ಬಂದವರಿಂದ ವಿಮಾನದ ಟಿಕೆಟ್ ದುಡ್ಡು ತೆಗೆದುಕೊಳ್ಳಲಿಲ್ಲ.

ಪರದೇಶಕ್ಕೆ ಕೊಡುವ ನೆರವು ವಿದೇಶಾಂಗ ಸಚಿವಾಲಯದ ಲೆಕ್ಕ. 2025-26ರಲ್ಲಿ ಭೂತಾನ್‌ಗೆ 2,150 ಕೋಟಿ, ಮಾಲ್ಡೀವ್ಸ್‌ಗೆ 600 ಕೋಟಿ, ಅಫ್ಗಾನಿಸ್ತಾನಕ್ಕೆ 100 ಕೋಟಿ ರೂ. ಇಟ್ಟಿದ್ದರು. ದೊಡ್ಡದಾಗಿ ಕಾಣುತ್ತೆ. ಆದರೆ ಆ ಸಚಿವಾಲಯದ ಇಡೀ ಬಜೆಟ್ಟೇ 20,500 ಕೋಟಿಯ ಆಸುಪಾಸು, ದೇಶದ ಒಟ್ಟು ಬಜೆಟ್ 50 ಲಕ್ಷ ಕೋಟಿ ರೂ. ದಾಟಿದೆ. ಪರದೇಶಕ್ಕೆ ಕೊಟ್ಟಿದ್ದರಿಂದಲೇ ನಮ್ಮ ಬರ ಪರಿಹಾರ ಕಮ್ಮಿ ಆಯಿತು ಅನ್ನೋ ವಾದ ಲೆಕ್ಕದಲ್ಲಿ ನಿಲ್ಲೋದಿಲ್ಲ.

ನೆರವಿಗೆ ಅಂತಲೇ ಜನರ ಜೇಬಿನಿಂದ ನೇರವಾಗಿ ತೆಗೆದ ಉದಾಹರಣೆ ಬೇಕಾದರೆ ಮನೆಯ ಹಿರಿಯರನ್ನು ಕೇಳಿ. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ಜನ ನಿರಾಶ್ರಿತರಾಗಿ ಬಂದರು. ಅವರ ಖರ್ಚಿಗೆ ಆ ನವೆಂಬರ್ 15ರಿಂದ ಟಪಾಲಿನ ಕವರ್ ಮೇಲೆ 5 ಪೈಸೆಯ ಹೆಚ್ಚುವರಿ ಸ್ಟಾಂಪ್ ಅಂಟಿಸಬೇಕಾಯಿತು. 1973ರ ಮಾರ್ಚ್‌ವರೆಗೂ ಅದು ನಡೆಯಿತು. ಮಳವಳ್ಳಿ ಅಂಚೆ ಕಚೇರಿಯಲ್ಲಿ ಕವರ್ ಹಾಕಿದವರೂ ಐದು ಪೈಸೆ ಕೊಟ್ಟವರೇ. ಪೂರ್ವ ಬಂಗಾಳದಿಂದ ಬಂದ ಕುಟುಂಬಗಳ ಕ್ಯಾಂಪ್‌ಗಳು ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನಲ್ಲಿ ಇಂದಿಗೂ ಇವೆ. ಅದಕ್ಕೂ ಮೊದಲು, 1960ರ ದಶಕದ ಆರಂಭದಲ್ಲೇ ಬೈಲಕುಪ್ಪೆಯಲ್ಲಿ ಟಿಬೆಟಿಯನ್ನರಿಗೆ ಅಂದಿನ ಮೈಸೂರು ರಾಜ್ಯ ಜಮೀನು ಕೊಟ್ಟಿತ್ತು.

ಬೀಡಿ ಕಟ್ಟಿನಲ್ಲಿ ಅಡಗಿದ ತೆರಿಗೆ

ಪೆಟ್ಟಿಗೆ ಅಂಗಡಿಯವರು ಇದನ್ನು ಗಮನಿಸಿ. 2001ರಲ್ಲಿ ಭುಜ್ ಭೂಕಂಪ ಆದಮೇಲೆ ಕೇಂದ್ರ ಸರ್ಕಾರ ‘ರಾಷ್ಟ್ರೀಯ ವಿಪತ್ತು ಸಾದಿಲ್ವಾರು ಸುಂಕ’ ಅಂತ ಒಂದನ್ನು ಹಾಕಿತು. ಸಿಗರೇಟು, ತಂಬಾಕು ಪದಾರ್ಥಗಳ ಮೇಲೆ ಕಾರ್ಖಾನೆಯಲ್ಲೇ ಅದನ್ನು ಹಿಡ್ಕೊಳ್ತಾರೆ, ಕಚ್ಚಾ ತೈಲದ ಮೇಲೂ ಇದೆ. ಜಿಎಸ್‌ಟಿ ಬಂದಮೇಲೂ ತಂಬಾಕಿನ ಮೇಲೆ ಇದು ಉಳಿಯಿತು. ರಾಷ್ಟ್ರೀಯ ವಿಪತ್ತು ಪರಿಹಾರ ನಿಧಿಗೆ, ಅಂದರೆ ಎನ್‌ಡಿಆರ್‌ಎಫ್‌ಗೆ, ಈ ಸುಂಕವೇ ಮುಖ್ಯ ಮೂಲ. ನಿಮ್ಮ ಅಂಗಡಿಯಲ್ಲಿ ಸಿಗರೇಟು ಹಚ್ಚಿದವರು ಯಾವುದೋ ಊರಿನ ಪ್ರವಾಹ ಪರಿಹಾರಕ್ಕೆ ಚೂರು ಕೊಟ್ಟ ಹಾಗೆಯೇ.

2025ರ ಡಿಸೆಂಬರ್‌ನಲ್ಲಿ ಸಂಸತ್ತು ಇನ್ನೊಂದು ಸೆಸ್‌ಗೆ ಒಪ್ಪಿಗೆ ಕೊಟ್ಟಿತು. ಪಾನ್ ಮಸಾಲಾ ತಯಾರಿಸುವ ಯಂತ್ರಗಳ ಲೆಕ್ಕದಲ್ಲಿ ವಸೂಲಿ ಮಾಡಿ, ಸಾರ್ವಜನಿಕ ಆರೋಗ್ಯಕ್ಕೂ ರಾಷ್ಟ್ರೀಯ ಭದ್ರತೆಗೂ ಬಳಸೋದು ಅದರ ಉದ್ದೇಶ. ಸೆಸ್ ವಿಚಾರದಲ್ಲಿ ರಾಜ್ಯಗಳ ತಕರಾರು ಹಳೇದು. ತೆರಿಗೆ ಅಂತ ಹಾಕಿದರೆ ರಾಜ್ಯಕ್ಕೂ ಪಾಲು ಕೊಡಬೇಕು, ಸೆಸ್ ಅಂತ ಹಾಕಿದರೆ ಹಂಚಿಕೆಯ ಲೆಕ್ಕಕ್ಕೆ ಅದು ಬರೋದಿಲ್ಲ.

ಈಗ ನಮ್ಮ ಬರ

2023ರ ಮುಂಗಾರು ಕೈಕೊಟ್ಟದ್ದು ಎಲ್ಲರಿಗೂ ನೆನಪಿದೆ. ಕೆಆರ್‌ಎಸ್ ತುಂಬಲಿಲ್ಲ, ಆದರೂ ತಮಿಳುನಾಡಿಗೆ ನೀರು ಬಿಡುವ ಆದೇಶ ಬಂತು. ಸೆಪ್ಟೆಂಬರ್ 23ಕ್ಕೆ ಮಂಡ್ಯ ಬಂದ್ ಆಯಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು.

ಬರಕ್ಕೆ ಎರಡು ಪೆಟ್ಟಿಗೆ. ಒಂದು ರಾಜ್ಯ ವಿಪತ್ತು ಪರಿಹಾರ ನಿಧಿ, ಎಸ್‌ಡಿಆರ್‌ಎಫ್. ಇದಕ್ಕೆ ನೂರಕ್ಕೆ 75 ಕೇಂದ್ರ, 25 ರಾಜ್ಯ ಹಾಕುತ್ತೆ. ಎಷ್ಟು ಅನ್ನೋದನ್ನು ಹಣಕಾಸು ಆಯೋಗ ಮೊದಲೇ ಗೊತ್ತು ಮಾಡಿರುತ್ತೆ, ಹಾಗಾಗಿ ಇದು ಕೈಯಲ್ಲಿರುವ ದುಡ್ಡು. ಅದು ಸಾಲದೆ ಹೋದರೆ ಎರಡನೇ ಪೆಟ್ಟಿಗೆ, ಎನ್‌ಡಿಆರ್‌ಎಫ್. ಇದರ ಬೀಗದಕೈ ದೆಹಲಿಯಲ್ಲಿದೆ. ರಾಜ್ಯ ಮನವಿ ಕೊಡಬೇಕು, ಕೇಂದ್ರದ ಅಧಿಕಾರಿಗಳ ತಂಡ ಬಂದು ನೋಡಬೇಕು, ವರದಿ ಹೋಗಬೇಕು, ಕೊನೆಗೆ ಗೃಹ ಸಚಿವರ ನೇತೃತ್ವದ ಸಮಿತಿ ಒಪ್ಪಬೇಕು. ಟೀ ಅಂಗಡಿಯ ಪ್ರಶ್ನೆಗೆ ಉತ್ತರ ಇರೋದು ಇಲ್ಲೇ. ಸೇನೆಯ ತುರ್ತು ಖರೀದಿಯಲ್ಲಿ ಮೆಟ್ಟಿಲುಗಳನ್ನು ಕಡಿಮೆ ಮಾಡಿದ್ದಾರೆ, ಬರದಲ್ಲಿ ಒಂದೂ ಬಿಟ್ಟಿಲ್ಲ.

ರಾಜ್ಯ ಕೇಳಿದ್ದು 18,171.44 ಕೋಟಿ ರೂ. ಅದರಲ್ಲಿ ಬೆಳೆ ನಷ್ಟಕ್ಕೆ 4,663 ಕೋಟಿ. ಎಲ್ಲಕ್ಕಿಂತ ದೊಡ್ಡ ಮೊತ್ತ, 12,577 ಕೋಟಿ, ದುಡಿಮೆ ಕಳೆದುಕೊಂಡ ಕುಟುಂಬಗಳ ನೆರವಿಗೆ. ಉಳಿದದ್ದು ಕುಡಿಯುವ ನೀರು, ಜಾನುವಾರು ಬಾಬ್ತು. ಅಕ್ಟೋಬರ್‌ನಲ್ಲಿ ಕೇಂದ್ರ ತಂಡ ಬಂದು ಹೋಯಿತು, ತಿಂಗಳುಗಳು ಕಳೆದವು. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ತನ್ನ ಕೈಯಿಂದ ಮೊದಲ ಕಂತು ಅಂತ ಗರಿಷ್ಠ 2,000 ರೂ. ಹಾಕಲು ಶುರು ಮಾಡಿತು. ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಏಪ್ರಿಲ್ ಕೊನೆಗೆ ಕೇಂದ್ರ ಬಿಡುಗಡೆ ಮಾಡಿದ್ದು ಸುಮಾರು 3,454 ಕೋಟಿ ರೂ. ರಾಜ್ಯದ ದೂರು: ತಂಡದ ವರದಿ ಬಂದ ತಿಂಗಳೊಳಗೆ ತೀರ್ಮಾನ ಆಗಬೇಕಿತ್ತು. ಕೇಂದ್ರದ ಮಾತು: ರಾಜ್ಯವೇ ಮನವಿ ತಡವಾಗಿ ಕೊಟ್ಟಿತು. ಚುನಾವಣೆಯ ಹೊತ್ತು ಬೇರೆ, ಇಬ್ಬರೂ ದನಿ ಏರಿಸಿದರು. ರಾಗಿ ಒಣಗಿ ಆಗಲೇ ಆರು ತಿಂಗಳ ಮೇಲಾಗಿತ್ತು.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಪರಿಹಾರ ಅಂದರೆ ನಷ್ಟ ತುಂಬಿಕೊಡೋದು ಅಂತ ನಾವು ತಿಳಿದಿದ್ದೇವೆ. ಕಡತದಲ್ಲಿ ಅದರ ಹೆಸರು ‘ಇನ್‌ಪುಟ್ ಸಬ್ಸಿಡಿ’, ಮುಂದಿನ ಬಿತ್ತನೆಗೆ ಒಂದು ಕೈ ಹಿಡಿಯೋದು, ಅಷ್ಟೇ. ನೂರಕ್ಕೆ 33 ಅಥವಾ ಹೆಚ್ಚು ಬೆಳೆ ಹಾಳಾಗಿರಬೇಕು. ಆಗಿನ ದರ ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ 8,500, ನೀರಾವರಿಗೆ 17,000, ತೆಂಗು–ಅಡಿಕೆಯಂಥ ಬಹುವಾರ್ಷಿಕಕ್ಕೆ 22,500 ರೂ., ಅದೂ ಎರಡು ಹೆಕ್ಟೇರ್ ಮಿತಿಯಲ್ಲಿ. ಎಕರೆ ಲೆಕ್ಕಕ್ಕೆ ತಂದರೆ ರಾಗಿಗೆ ಸುಮಾರು 3,440, ಭತ್ತಕ್ಕೆ ಸುಮಾರು 6,880. ಎರಡು ಎಕರೆ ರಾಗಿ ಕಳೆದುಕೊಂಡವರಿಗೆ ಏಳು ಸಾವಿರ ರೂಪಾಯಿಯೂ ತುಂಬೋದಿಲ್ಲ. ಉಳುಮೆ, ಗೊಬ್ಬರ, ಕೂಲಿ ಲೆಕ್ಕ ಹಾಕಿದವರಿಗೆ ಇದು ಎಷ್ಟರದು ಅಂತ ನಾವು ಹೇಳಬೇಕಾಗಿಲ್ಲ. ತಡವಾದದ್ದರ ಬಗ್ಗೆ ಎಷ್ಟು ಗಲಾಟೆ ಆಯಿತೋ, ದರದ ಬಗ್ಗೆ ಅದರ ಅರ್ಧವೂ ಆಗಲಿಲ್ಲ ಅನ್ನೋದು ನಮ್ಮ ಅಭಿಪ್ರಾಯ.

ತುರ್ತು ಬಂದರೆ ಊರ ಕೆಲಸ ನಿಲ್ಲುತ್ತಾ?

ಒಮ್ಮೊಮ್ಮೆ ನಿಲ್ಲುತ್ತೆ. 2020ರ ಏಪ್ರಿಲ್‌ನಲ್ಲಿ ಕೋವಿಡ್ ಖರ್ಚಿಗೆ ಅಂತ ಸಂಸದರ ಪ್ರದೇಶಾಭಿವೃದ್ಧಿ ನಿಧಿಯನ್ನು ಎರಡು ವರ್ಷ ತಡೆಹಿಡಿದರು. ಒಬ್ಬ ಸಂಸದರಿಗೆ ವರ್ಷಕ್ಕೆ 5 ಕೋಟಿ ರೂ. ಬಸ್ ತಂಗುದಾಣ, ಸಮುದಾಯ ಭವನ, ಕುಡಿಯುವ ನೀರಿನ ಘಟಕ ಇಂಥವೆಲ್ಲ ಆಗೋದು ಇದರಿಂದಲೇ. 2021ರ ನವೆಂಬರ್‌ನಲ್ಲಿ ಮತ್ತೆ ಶುರು ಮಾಡಿದರೂ ಆ ವರ್ಷಕ್ಕೆ ಸಿಕ್ಕಿದ್ದು 2 ಕೋಟಿ ಮಾತ್ರ. ಅಂದರೆ ಎರಡು ವರ್ಷದ ಹತ್ತು ಕೋಟಿಯಲ್ಲಿ ಮಂಡ್ಯ ಕ್ಷೇತ್ರಕ್ಕೂ ಎಂಟು ಕೋಟಿ ಬರಲಿಲ್ಲ. ನಿಮ್ಮೂರಿನ ಯಾವುದಾದರೂ ಕೆಲಸ ಆಗ ‘ಮಂಜೂರಾಗಿದೆ, ಹಣ ಬಂದಿಲ್ಲ’ ಅಂತ ನಿಂತಿದ್ದರೆ ಇದೂ ಒಂದು ಕಾರಣ ಇರಬಹುದು.

ಪಿಡಿ ಖಾತೆ, ಎಫ್‌ಐಡಿ, ಅಂಗಡಿಯ ಸರಕು

ಮಳೆ, ಪ್ರವಾಹ ಬಂದಾಗ ಮಂತ್ರಿಗಳು ‘ಡಿಸಿಗಳ ಪಿಡಿ ಖಾತೆಯಲ್ಲಿ ಹಣ ಇದೆ’ ಅಂತಾರಲ್ಲ, ಅದು ಎಸ್‌ಡಿಆರ್‌ಎಫ್‌ನಿಂದ ಬಂದು ಜಿಲ್ಲಾಧಿಕಾರಿ ಮತ್ತು ತಹಶೀಲ್ದಾರ್ ಹೆಸರಿನ ಠೇವಣಿ ಖಾತೆಯಲ್ಲಿರುವ ಹಣ. ಕಾಳಜಿ ಕೇಂದ್ರ, ಟ್ಯಾಂಕರ್ ನೀರು, ಮನೆ ಬಿದ್ದವರಿಗೆ ತಕ್ಷಣದ ನೆರವು ಇದರಿಂದಲೇ. ಕೆಆರ್‌ಎಸ್‌ನಿಂದ ನೀರು ಹೆಚ್ಚು ಬಿಟ್ಟಾಗ ನದಿ ಪಕ್ಕದ ಊರುಗಳವರಿಗೆ ಮೊದಲು ಕೈಗೆ ಸಿಗೋದು ಈ ದುಡ್ಡೇ, ದೆಹಲಿಯದಲ್ಲ. ಖಾತೆಯಲ್ಲಿ ಎಷ್ಟಿತ್ತು, ಎಷ್ಟು ಖರ್ಚಾಯಿತು ಅಂತ ತಾಲ್ಲೂಕು ಕಚೇರಿಯಲ್ಲಿ ಮಾಹಿತಿ ಹಕ್ಕಿನಡಿ 10 ರೂ. ಶುಲ್ಕ ಕಟ್ಟಿ ಕೇಳಬಹುದು.

ಬೆಳೆ ಪರಿಹಾರ ಈಗ ಯಾರ ಕೈಯಿಂದಲೂ ಬರೋದಿಲ್ಲ, ಫ್ರೂಟ್ಸ್ ತಂತ್ರಾಂಶದ ಗುರುತು ಸಂಖ್ಯೆ (ಎಫ್‌ಐಡಿ) ನೋಡಿ, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ ನೇರವಾಗಿ ಬೀಳುತ್ತೆ. ತಾತನ ಹೆಸರಲ್ಲೇ ಪಹಣಿ ಇದ್ದು, ಪೌತಿ ಖಾತೆ ಮಾಡಿಸದೆ ಉಳುಮೆ ಮಾಡುತ್ತಿರುವವರು ಪಟ್ಟಿಯಿಂದ ಬಿಟ್ಟುಹೋಗೋದು ಇಲ್ಲೇ. ಎಫ್‌ಐಡಿಗೆ ಎಲ್ಲ ಸರ್ವೆ ನಂಬರ್ ಸೇರಿದೆಯಾ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಒಮ್ಮೆ ನೋಡಿಸ್ಕೊಳ್ಳಿ. ಪರಿಹಾರದ ಹಣವನ್ನು ಸಾಲಕ್ಕೆ ಜಮಾ ಮಾಡ್ಕೋಬಾರದು ಅಂತ 2024ರಲ್ಲಿ ರಾಜ್ಯ ಸರ್ಕಾರ ಬ್ಯಾಂಕುಗಳಿಗೆ ಹೇಳಿತ್ತು. ಹಾಗೆ ಮುರಿದುಕೊಂಡರೆ ತಹಶೀಲ್ದಾರರಿಗೆ ಬರವಣಿಗೆಯಲ್ಲಿ ದೂರು ಕೊಡಿ.

ವ್ಯಾಪಾರಿಗಳಿಗೆ ಸಂಬಂಧಪಟ್ಟದ್ದು ಇಷ್ಟು. ಎಸ್‌ಡಿಆರ್‌ಎಫ್ ದರಪಟ್ಟಿಯಲ್ಲಿ ಬೆಳೆ, ಮನೆ, ದನಕರು, ನೇಕಾರರ ಮತ್ತು ಕುಶಲಕರ್ಮಿಗಳ ಸಲಕರಣೆ ಇವೆ. ಅಂಗಡಿಯಲ್ಲಿ ನೆನೆದು ಹಾಳಾದ ಅಕ್ಕಿ ಮೂಟೆ, ಬಟ್ಟೆ, ಗೊಬ್ಬರಕ್ಕೆ ಅದರಲ್ಲಿ ಬಾಬ್ತಿಲ್ಲ. ರಾಜ್ಯ ಸರ್ಕಾರ ವಿಶೇಷವಾಗಿ ಏನಾದರೂ ಘೋಷಿಸಿದರೆ ಉಂಟು, ಇಲ್ಲದಿದ್ದರೆ ನಿಮ್ಮ ವಿಮೆಯೇ ಗತಿ. ಸಾಲ ಕೊಡುವಾಗ ಬ್ಯಾಂಕ್ ಮಾಡಿಸಿದ ವಿಮೆಯಲ್ಲಿ ಬೆಂಕಿ ಮಾತ್ರ ಇದೆಯೋ, ನೆರೆ ನೀರೂ ಸೇರಿದೆಯೋ ಅಂತ ಪಾಲಿಸಿ ತೆಗೆದು ನೋಡಿ. ಸರಕಿನ ಖರೀದಿ ಬಿಲ್ಲುಗಳ ಫೋಟೊ ಮೊಬೈಲಿನಲ್ಲಿರಲಿ, ನೀರು ನುಗ್ಗಿದ ದಿನ ಕಾಗದದ ಬಿಲ್ಲೂ ಸರಕಿನ ಜೊತೆಗೇ ಹೋಗಿರುತ್ತೆ.